ಕಶೇರುಕದ ಹೆಮಾಂಜಿಯೋಮಾ: ಲಾರೆಡೊ ಪಟ್ಟಿಯ ಮರುಪರಿಶೀಲನೆ

ಮೂಳೆಯ ನಿರುಪದ್ರವಿ ರಕ್ತನಾಳ ಗಡ್ಡೆಗಳಲ್ಲಿ ಹೆಮಾಂಜಿಯೋಮಾ ಮುಖ್ಯವಾದುದು. ಅದರ ದೊಡ್ಡ ನೆಲೆ ಬೆನ್ನೆಲುಬು. ಎಕ್ಸ್-ರೇಯಲ್ಲಿ ಉದ್ದಗೆರೆ, ಸಿ.ಟಿ.ಯಲ್ಲಿ ಚುಕ್ಕಿ, ಎಂ.ಆರ್.ಐ.ನ ಟಿ-1, ಟಿ-2 ಚಿತ್ರಗಳೆರಡರಲ್ಲೂ ಹೊಳಪು ಕಂಡರೆ ಗುರುತಿಸುವಲ್ಲಿ ತಕರಾರಿಲ್ಲ. ಯಾವ ಗಡ್ಡೆ ಬೆನ್ನುಹುರಿಯನ್ನು ಒತ್ತೀತು ಎಂಬಲ್ಲಿ ಮಾತ್ರ ತಕರಾರಿದೆ.

1986ರಲ್ಲಿ ಲಾರೆಡೊ ಮತ್ತು ಸಂಗಡಿಗರು ಆರು ಲಕ್ಷಣಗಳನ್ನು ಕೊಟ್ಟರು: ಎದೆಭಾಗದ 3ರಿಂದ 9ನೆಯ ಕಶೇರುಕದ ನೆಲೆ, ಇಡೀ ಕಶೇರುಕಕಾಯ ಆವರಿಸುವುದು, ಹಿಂಗಮಾನಿಗೆ ಹಬ್ಬುವುದು, ಅಂಚು ಉಬ್ಬುವುದು, ಜೇನುಗೂಡಿನ ವಿನ್ಯಾಸ ಏರುಪೇರಾಗುವುದು, ಮೃದು ಅಂಗಾಂಶ ಹೊರಚಾಚುವುದು. ನರಬೇರಿನ ನೋವಿರುವವರಲ್ಲಿ ಮೂರು ಕಂಡರೆ ಎಚ್ಚರ ಎಂಬುದು ಅವರ ಸೂತ್ರ.

ನನ್ನ ಆಕ್ಷೇಪ ಈ ಎಣಿಕೆಗೆ. ಹಬ್ಬುವುದು, ಉಬ್ಬುವುದು, ಹೊರಚಾಚುವುದು ಬಹುಮಟ್ಟಿಗೆ ಒಂದೇ ಬೆಳವಣಿಗೆಯ ಮುಖಗಳು. ಮೂರನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಒಬ್ಬನೇ ಸಾಕ್ಷಿಯ ಹೇಳಿಕೆಯನ್ನು ಮೂರು ಸಲ ದಾಖಲಿಸಿದಂತೆ. ನರಬೇರಿನ ನೋವೆಂಬ ಷರತ್ತು ಮರೆತರಂತೂ ದಾರಿ ಇನ್ನಷ್ಟು ತಪ್ಪುತ್ತದೆ. ಷ್ಮೋರ್ಲ್ ಪರೀಕ್ಷಿಸಿದ 3,829 ಬೆನ್ನೆಲುಬುಗಳಲ್ಲಿ ಶೇ. 10.7ರಲ್ಲಿ ಈ ಗಡ್ಡೆಯಿತ್ತು. ಅದೇ ಪ್ರಮಾಣವನ್ನು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಅನ್ವಯಿಸಿದರೆ ಸಾವಿರ ವಯಸ್ಕರಲ್ಲಿ ನೂರೇಳು ಮಂದಿಗೆ ಗಡ್ಡೆ. ಅವರಲ್ಲಿ ತೊಂದರೆ ಕಾಣುವುದು ಹೆಚ್ಚುಕಡಿಮೆ ಒಬ್ಬರಿಗೆ. ತೊಗರಿ ಹೊಲದಲ್ಲಿ ದುಡಿದು ‘ಟೊಂಕ ಹಿಡದದ’ ಎಂದು ಕಲಬುರಗಿಗೆ ಬಂದವರ ಎದೆಯ ಕಶೇರುಕದಲ್ಲಿ ಗಡ್ಡೆ ಕಂಡರೆ, ಟೊಂಕದ ನೋವಿಗೆ ಅದು ಕಾರಣವಾಗಿರುವುದು ಅಪರೂಪ.

ಆದ್ದರಿಂದ ಎಣಿಕೆಗಿಂತ ಕಾಲಿನ ಪರೀಕ್ಷೆ ಮೊದಲಾಗಬೇಕು: ತೊಡರುವ ನಡಿಗೆ, ಕಾಲಿನ ಬಿಗಿತ, ಎದೆಯಿಂದ ಕೆಳಗೆ ಸ್ಪರ್ಶ ಮಂದವಾಗುವುದು, ಮೂತ್ರದ ತಡೆ. ಇದಕ್ಕೆ ತಾಲ್ಲೂಕು ಆಸ್ಪತ್ರೆ ಸಾಕು. ನರಲಕ್ಷಣ ಬರುವವರೆಗೆ ಕೈಕಟ್ಟಿ ಕೂರಬೇಕೆಂದು ಇದರರ್ಥವಲ್ಲ. ಬೆನ್ನುಹುರಿಯ ನಾಳಕ್ಕೆ ಚಾಚಿದ ಗಡ್ಡೆಗೆ ಆ ಒಂದೇ ಲಕ್ಷಣದ ಆಧಾರದ ಮೇಲೂ ನಿಗಾ ಬೇಕು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಒತ್ತಡ ಹೆಚ್ಚಬಹುದು. ಲಾರೆಡೊ ಅವರೇ 1990ರಲ್ಲಿ ಕೊಬ್ಬು ಹೆಚ್ಚಿರುವ ಗಡ್ಡೆ ಸಾಮಾನ್ಯವಾಗಿ ನಿಷ್ಕ್ರಿಯವೆಂದು ತೋರಿಸಿದರು. ಕೊಬ್ಬು ಕಡಿಮೆಯಾದುದು ಟಿ-1ರಲ್ಲಿ ಕಪ್ಪಾಗಿ, ಕ್ಷಯ ಅಥವಾ ಹರಡಿದ ಕ್ಯಾನ್ಸರಿನಂತೆ ಕಂಡೀತು. ಕ್ಷಯ ಸಾಮಾನ್ಯವಾಗಿ ಡಿಸ್ಕನ್ನೂ ತಿನ್ನುತ್ತದೆ. ಆದರೂ ಸಂಶಯವುಳಿದರೆ ಕ್ಷಯದ ಗುಳಿಗೆಗೆ ಮೊದಲು ಸಿ.ಟಿ., ಬೇಕಾದರೆ ಬಯಾಪ್ಸಿ ಆಗಬೇಕು.

ಚಿಕಿತ್ಸೆಯೂ ಈ ಕ್ರಮವನ್ನೇ ಹಿಡಿಯುತ್ತದೆ. ತೊಂದರೆಯಿಲ್ಲದ ಗಡ್ಡೆಯನ್ನು ಮುಟ್ಟಬೇಕಿಲ್ಲ. ನೋವು ಮತ್ತು ಗಡ್ಡೆಯ ಮಟ್ಟ ತಾಳೆಯಾದರೆ ಸಿಮೆಂಟ್ ತುಂಬುವ ವರ್ಟಿಬ್ರೋಪ್ಲಾಸ್ಟಿ. ಗಾಲಿಬೇರ್ ಮತ್ತು ಡೆರಾಮಾಂಡ್ 1984ರಲ್ಲಿ ಅದನ್ನು ಮೊದಲು ಪ್ರಯೋಗಿಸಿದ್ದೇ ಕತ್ತಿನ ಇಂಥ ಗಡ್ಡೆಗೆ. ನಿಧಾನವಾಗಿ ಬಲ ಕುಂದಿದರೆ ವಿಕಿರಣ. ಬೇಗ ಕುಂದಿದರೆ ರಕ್ತನಾಳ ಮುಚ್ಚಿ ಶಸ್ತ್ರಚಿಕಿತ್ಸೆ.

ಕೊಬ್ಬು ಕಡಿಮೆಯಿದ್ದೂ ನರಲಕ್ಷಣ ತೋರದ ಗಡ್ಡೆಯನ್ನು ಎಷ್ಟು ತಿಂಗಳಿಗೊಮ್ಮೆ ನೋಡಬೇಕು? ಅದನ್ನು ಈ ವಾದ ಇತ್ಯರ್ಥ ಮಾಡುವುದಿಲ್ಲ.