ಮರುಹಾಡು ಕೇಳಬೇಕೆ? ಮಾದಪ್ಪನ ಪದದಿಂದ ಮೊಬೈಲ್ ಹಾಡಿನವರೆಗೆ

ನಂಜನಗೂಡಿನಿಂದ ಸುತ್ತೂರು ಹಾದು ತಿ.ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ ಒಂದೇ ಹಾಡು ಎರಡು ಮೂರು ಬಗೆಯಲ್ಲಿ ಕಿವಿಗೆ ಬೀಳುವುದುಂಟು. ಡ್ರೈವರ್ ತಲೆಯ ಮೇಲಿನ ಸ್ಪೀಕರಿನಲ್ಲಿ ಸಿನಿಮಾದ ‘ಸೋಜುಗದ ಸೂಜುಮಲ್ಲಿಗೆ’. ಮುಂದಿನ ಸೀಟಿನ ಹುಡುಗನ ಮೊಬೈಲಿನಲ್ಲಿ ಅದೇ ಹಾಡಿನ ಅರ್ಧ ನಿಮಿಷದ ರೀಲ್ಸ್. ಬೆಟ್ಟಕ್ಕೆ ಹೋಗಿ ಬಂದ ಅಜ್ಜಿ ಪಕ್ಕದಲ್ಲಿದ್ದರೆ, ಅವರ ಬಾಯಲ್ಲಿ ಅದೇ ಪದ ಬೇರೆ ಧಾಟಿಯಲ್ಲಿ.

ಇವುಗಳಲ್ಲಿ ಯಾವುದು ನಿಜವಾದ ಹಾಡು? ಹಳೆಯ ಹಾಡನ್ನು ಹೊಸಬರು ಮತ್ತೆ ಹಾಡಿದರೆ ಕೇಳಬೇಕೆ, ಅಥವಾ ಮೂಲವೇ ಸಾಕೆ? ಹೊರದೇಶಗಳಲ್ಲಿ ಹಳೆಯ ರಾಕ್ ಹಾಡುಗಳನ್ನು ಬೇರೆಯವರಿಂದ ಹಾಡಿಸಿ ‘ಗೌರವ ಆಲ್ಬಂ’ ಎಂದು ಮಾರುತ್ತಾರೆ. ಅವು ಕೇಳಲು ಯೋಗ್ಯವೇ ಎಂಬ ಜಗಳ ಅಲ್ಲಿ ಹಳೆಯದು. ನಮ್ಮ ಕಡೆ ಅದೇ ಜಗಳ ಮಾದಪ್ಪನ ಪದದ ಸುತ್ತ ನಡೆದಿದೆ. ಅದರ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ರಾತ್ರಿಯಿಡೀ ನಡೆಯುವ ಹಾಡು

ಮಲೆ ಮಹದೇಶ್ವರನ ಕಥೆಯನ್ನು ಹಾಡುವವರು ದೇವರಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಅದೇ ಕಂಸಾಳೆ. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಕಥೆ ಹಾಡುವವರು ನೀಲಗಾರರು. ಅವರ ಕೈಯಲ್ಲಿ ತಂಬೂರಿ, ಗಗ್ಗರ, ಡಕ್ಕೆ. ಚಿಕ್ಕಲ್ಲೂರು, ಕಪ್ಪಡಿ ಜಾತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆಗಳು ‘ಸಾಲು’ಗಳಾಗಿ ಇರುತ್ತವೆ. ಸಂಕಮ್ಮನ ಸಾಲು, ಶ್ರವಣದೊರೆಯ ಸಾಲು, ಹೀಗೆ. ಒಂದೊಂದು ಸಾಲು ಹಾಡಲು ಗಂಟೆಗಟ್ಟಲೆ ಬೇಕು. ಪೂರ್ತಿ ಕಥೆಗೆ ಒಂದು ರಾತ್ರಿ ಸಾಲದು. ಮುಖ್ಯ ಹಾಡುಗಾರ ಒಂದು ನುಡಿ ಹೇಳುತ್ತಾನೆ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ನಡುವೆ ಮಾತು, ತಮಾಷೆ, ಕೂತವರನ್ನು ಎಚ್ಚರವಾಗಿಡುವ ಚಟಾಕಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಪರಂಪರೆಯಲ್ಲಿ ‘ಮೂಲ ಹಾಡುಗಾರ’ ಎಂಬವನೇ ಇಲ್ಲ. ಗುರುವಿನಿಂದ ಕಲಿತವನು ತನ್ನ ಧಾಟಿಯಲ್ಲಿ ಹಾಡುತ್ತಾನೆ. ಅವನಿಂದ ಕಲಿತವನು ಇನ್ನೊಂದು ಧಾಟಿ ಹಿಡಿಯುತ್ತಾನೆ. ಹಾಗೆ ನೋಡಿದರೆ ಎಲ್ಲವೂ ಮರುಹಾಡೇ. ಆದ್ದರಿಂದ ‘ಮತ್ತೆ ಹಾಡಿದ್ದೇ ತಪ್ಪು’ ಎಂದು ನಾವು ಹೇಳಿದರೆ ನೀಲಗಾರರ ಮೇಲೂ ಅದೇ ಆರೋಪ ಹೊರಿಸಿದಂತೆ.

ಯಂತ್ರ ಹಾಕಿದ ಅಳತೆ

ಹಾಡಿಗೆ ಕತ್ತರಿ ಬಿದ್ದದ್ದು ಯಂತ್ರ ಬಂದ ಮೇಲೆ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಸಿನಿಮಾ ಹಾಡು ಇವತ್ತಿಗೂ ಮೂರು ನಾಲ್ಕು ನಿಮಿಷದ ಆಸುಪಾಸಿನಲ್ಲೇ ಇರುವುದಕ್ಕೆ ಆ ಅಳತೆಯೂ ಒಂದು ಕಾರಣ.

ಮೈಸೂರಿನಲ್ಲಿ ಎಂ.ವಿ.ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ಶುರುಮಾಡಿದರು. ಮುಂದೆ ಇಡೀ ದೇಶದ ರೇಡಿಯೊಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಈ ಕೇಂದ್ರದ್ದು. ರೇಡಿಯೊದಲ್ಲೂ ಹಾಡಿಗೆ ಗಡಿಯಾರದ ಕಾವಲು ಇತ್ತು.

1960ರ ದಶಕದ ಕೊನೆಯಿಂದ ಮೈಸೂರು ವಿಶ್ವವಿದ್ಯಾನಿಲಯದ ಸುತ್ತ ಜಾನಪದ ಸಂಗ್ರಹದ ಕೆಲಸ ಜೋರಾಯಿತು. ಜೀ.ಶಂ.ಪರಮಶಿವಯ್ಯ ಅಂಥವರು ಹಳ್ಳಿ ಹಳ್ಳಿ ಸುತ್ತಿದರು. ಪಿ.ಕೆ.ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಲ್ಲಿ ಪುಸ್ತಕವಾಗಿ ಬಂತು. ಬಾಯಲ್ಲಿದ್ದ ಕಥೆ ಇಡಿಯಾಗಿ ಕಾಗದಕ್ಕೆ ಇಳಿಯಿತು.

ಆಮೇಲೆ ಕ್ಯಾಸೆಟ್ ಕಾಲ. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 30 ನಿಮಿಷ. ಮೂರು ನಿಮಿಷಕ್ಕೆ ಹೋಲಿಸಿದರೆ ಇದು ದೊಡ್ಡ ಜಾಗ. ಮಳವಳ್ಳಿ ಮಹದೇವಸ್ವಾಮಿ ಅವರ ಮಾದಪ್ಪ, ಮಂಟೇಸ್ವಾಮಿ ಕ್ಯಾಸೆಟ್ಟುಗಳು ನಮ್ಮ ಭಾಗದ ಟೀ ಅಂಗಡಿ, ಹಬ್ಬದ ಪೆಂಡಾಲುಗಳನ್ನು ತುಂಬಿದ್ದು ಹೀಗೆ. ಕಥೆಯ ಉದ್ದ ಉಳಿಯಿತು, ಊರಿನ ಮಾತಿನ ಸೊಗಡೂ ಉಳಿಯಿತು.

ಅದೇ ಕಾಲದಲ್ಲಿ ಹಿಂದಿಯಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಹಳೆಯ ಸಿನಿಮಾ ಹಾಡುಗಳನ್ನು ಹೊಸಬರಿಂದ ಹಾಡಿಸಿ ಅಗ್ಗದ ದರಕ್ಕೆ ಮಾರಿತು. ಸೋನು ನಿಗಮ್ ಅವರನ್ನು ಮೊದಲು ಜನ ಗುರುತಿಸಿದ್ದು ಮೊಹಮ್ಮದ್ ರಫಿ ಹಾಡುಗಳ ಅಂಥ ಕ್ಯಾಸೆಟ್ಟುಗಳಿಂದ. ಮರುಹಾಡು ಒಬ್ಬ ಹೊಸ ಗಾಯಕನಿಗೆ ಮೆಟ್ಟಿಲಾದದ್ದಕ್ಕೆ ಇದು ಉದಾಹರಣೆ.

ಕೋಲುಮಂಡೆ: ಒಂದು ಪದ, ಎರಡು ಕಾಲ

‘ಕೋಲುಮಂಡೆ ಜಂಗಮದೇವರು’ ಕೋರಣ್ಯಕ್ಕೆ ಬಂದ ಜಂಗಮನ ಪದ. ಕೋರಣ್ಯ ಎಂದರೆ ಮನೆ ಮನೆ ತಿರುಗಿ ಬೇಡುವ ಭಿಕ್ಷೆ.

1996ರಲ್ಲಿ ಟಿ.ಎಸ್.ನಾಗಾಭರಣ ಅವರ ‘ಜನುಮದ ಜೋಡಿ’ ಸಿನಿಮಾಕ್ಕೆ ವಿ.ಮನೋಹರ್ ಸಂಗೀತ ಕೊಟ್ಟರು. ಅದರಲ್ಲಿ ಎಲ್.ಎನ್.ಶಾಸ್ತ್ರಿ ಈ ಪದ ಹಾಡಿದರು. ಅದಕ್ಕೆ ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ಮಾದಪ್ಪನ ಬೆಟ್ಟದ ದಾರಿಯೇ ಗೊತ್ತಿಲ್ಲದ ಉತ್ತರ ಕರ್ನಾಟಕದ ಜನರೂ ಆ ಪದ ಗುನುಗಿದರು. ಸಿನಿಮಾದ ವಾದ್ಯಗಳು ಸೇರಿದರೂ ಪದದ ನಡೆ, ಬೇಡುವವನ ದನಿ ಕೆಡಲಿಲ್ಲ.

2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿ ಅದೇ ಪದವನ್ನು ರ‍್ಯಾಪ್ ಧಾಟಿಯ ವಿಡಿಯೊ ಮಾಡಿದರು. ಚಾಮರಾಜನಗರ ಕಡೆಯ ಭಕ್ತರು ಸಿಟ್ಟಾದರು. ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಸರಿಯಿಲ್ಲ ಎಂಬುದು ಅವರ ತಕರಾರು. ಚಂದನ್ ಶೆಟ್ಟಿ ಕ್ಷಮೆ ಕೇಳಿದರು, ವಿಡಿಯೊ ತೆಗೆಯಲಾಯಿತು.

ಆಗ ಬಹಳ ಜನ ‘ರ‍್ಯಾಪ್ ಮಾಡಿದ್ದೇ ತಪ್ಪು’ ಎಂದರು. ನಮಗೆ ಹಾಗೆ ಅನ್ನಿಸುವುದಿಲ್ಲ. ತಾಳಕ್ಕೆ ಮಾತು ಹೊಂದಿಸಿ ಓಡಿಸುವುದು ದೇವರಗುಡ್ಡರಿಗೆ ಹೊಸದಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಅದು ತಿಳಿಯಬೇಕಾದರೆ ಸಂಕಮ್ಮನ ಸಾಲು ಗೊತ್ತಿರಬೇಕು.

ಸಂಕಮ್ಮನ ಗಂಡ ನೀಲೇಗೌಡ. ಜೇನು ತರಲು ಕಾಡಿಗೆ ಹೊರಡುವಾಗ, ತಾನು ಬರುವವರೆಗೆ ಶೀಲವಾಗಿ ಇರುತ್ತೇನೆಂದು ಕೈಮುಟ್ಟಿ ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಯಾಕೆ ಭಾಷೆ ಕೊಡಬೇಕು? ಗಂಡ ಹಿಂಸೆ ಕೊಟ್ಟು ಅವಳನ್ನು ಗುಡಿಸಿಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಅವಳು ಮಾದಪ್ಪನನ್ನು ಕರೆಯುತ್ತಾಳೆ. ಮಾದಪ್ಪ ಜಂಗಮನಾಗಿ ಬರುತ್ತಾನೆ. ಮಕ್ಕಳಿಲ್ಲದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ.

ಗಂಡನ ಅನುಮಾನಕ್ಕೆ ತಲೆಬಾಗದ ಹೆಂಗಸಿನ ಕಥೆ ಇದು. ನಮ್ಮ ಅಜ್ಜಿಯರು ಕಣ್ಣೀರು ಒರೆಸಿಕೊಳ್ಳುತ್ತ ಕೇಳಿದ್ದು ಇದನ್ನೇ. ಇದು ತಿಳಿದವರಿಗೆ ಸಂಕಮ್ಮನನ್ನು ಬರೀ ಕುಣಿಯುವ ಬೊಂಬೆ ಮಾಡಿದರೆ ನೋವಾಗುತ್ತದೆ. ಕಥೆ ಕೇಳದವರಿಗೆ ಆ ನೋವು ಅರ್ಥವಾಗುವುದಿಲ್ಲ. ನಾಲ್ಕು ನಿಮಿಷದ ಹಾಡಷ್ಟೇ ಉಳಿದರೆ ಮುಂದಿನ ತಲೆಮಾರು ಕಳೆದುಕೊಳ್ಳುವುದು ಸಂಕಮ್ಮನನ್ನು.

ಸೋಜುಗದ ದಾರಿ

‘ಸೋಜುಗದ ಸೂಜುಮಲ್ಲಿಗೆ’ ಮಾದೇವನಿಗೆ ಹೂ ಏರಿಸುವ ಪದ. ಮೈಸೂರಿನ ಅನನ್ಯ ಭಟ್ ಶಿವರಾತ್ರಿ ವೇದಿಕೆಯಲ್ಲಿ ಹಾಡಿದ ಮೇಲೆ ಕನ್ನಡ ಬಾರದವರೂ ಅದನ್ನು ಕೇಳತೊಡಗಿದರು. 2021ರಲ್ಲಿ ರಾಜ್ ಬಿ.ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ ಸಿನಿಮಾದಲ್ಲಿ ಚೈತ್ರಾ ಆಚಾರ್ ಅದೇ ಪದ ಹಾಡಿದರು. ಸಂಗೀತ ಮಿಧುನ್ ಮುಕುಂದನ್ ಅವರದು. ಮಂಗಳೂರಿನ ರೌಡಿಗಳ ಕಥೆಯಲ್ಲಿ ನಮ್ಮ ಕಡೆಯ ಭಕ್ತಿಯ ಪದ. ಸಂಬಂಧವೇ ಇಲ್ಲ ಅನ್ನಿಸಬಹುದು. ಆದರೆ ಕೊಂದವನು ಮಳೆಯಲ್ಲಿ ಮೈಮರೆತು ಕುಣಿಯುವಾಗ ಆ ಮೆಲುದನಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪದದಲ್ಲಿ ಮೊದಲೇ ಇದ್ದ ಶಿವನ ಭಯ ಹೊಸದಾಗಿ ಕಿವಿಗೆ ಬೀಳುತ್ತದೆ.

ಒಳ್ಳೆಯ ಮರುಹಾಡಿನ ಕೆಲಸ ಇದೇ. ಹೊರಗಿನ ಉದಾಹರಣೆ ಹೇಳುವುದಾದರೆ, ಅಮೆರಿಕದ ಬಾಬ್ ಡಿಲನ್ 1967ರಲ್ಲಿ ಸಣ್ಣ ದನಿಯಲ್ಲಿ ಹಾಡಿದ್ದ ಒಂದು ಹಾಡನ್ನು ಮರುವರ್ಷ ಜಿಮಿ ಹೆಂಡ್ರಿಕ್ಸ್ ಗಿಟಾರಿನ ಬಿರುಗಾಳಿ ಎಬ್ಬಿಸಿ ಹಾಡಿದರು. ಆಮೇಲೆ ಡಿಲನ್ ಕೂಡ ವೇದಿಕೆಯಲ್ಲಿ ಹೆಂಡ್ರಿಕ್ಸ್ ಧಾಟಿಗೇ ಹತ್ತಿರವಾದರು. ಬರೆದವರೇ ಮರುಹಾಡಿನಿಂದ ಕಲಿತರು.

ನಮ್ಮಲ್ಲೂ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರ್, ಪಿಟೀಲು ಸೇರಿಸಿ ಹಾಡಿದರು. ಅದಕ್ಕೂ ಮೊದಲು ಸಿ.ಅಶ್ವತ್ಥ್ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಲ್ಲಿ ಅವೇ ಪದಗಳನ್ನು ಮನೆ ಮನೆಗೆ ಮುಟ್ಟಿಸಿದ್ದರು. ಶರೀಫರು ತೀರಿಕೊಂಡದ್ದು 1889ರಲ್ಲಿ. ನಾವು ಇವತ್ತು ಕೇಳುತ್ತಿರುವುದೆಲ್ಲ ಮರುಹಾಡೇ.

ಶಾಲೆಯಲ್ಲಿ ದಿನಾ ಹಾಡುವ ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ಆ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದಕ್ಕೆ ಮೈಸೂರು ಅನಂತಸ್ವಾಮಿ ಅವರ ಧಾಟಿಯೂ ಇತ್ತು, ಅಶ್ವತ್ಥ್ ಅವರ ಧಾಟಿಯೂ ಇತ್ತು. ಯಾವುದು ಎಂಬ ವಾದ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಧಾಟಿಯನ್ನು, 2 ನಿಮಿಷ 30 ಸೆಕೆಂಡಿನ ಅವಧಿಯನ್ನು ಗೊತ್ತುಮಾಡಿತು. ಸಮಾರಂಭಕ್ಕೆ ಒಂದೇ ಧಾಟಿ ಬೇಕು, ಸರಿ. ಮನೆಯಲ್ಲಿ ಕೇಳುವವರಿಗೆ ಎರಡೂ ಬೇಕು.

ಹಣ ಯಾರಿಗೆ, ಹೆಸರು ಯಾರಿಗೆ

ಈಗ ಕಷ್ಟದ ಪ್ರಶ್ನೆಗೆ ಬರೋಣ. ‘ಗೌರವ’ ಎಂದು ಹಾಡಿದಾಗ ಆ ಗೌರವ ಮುಟ್ಟುವುದು ಯಾರಿಗೆ?

ಸಿನಿಮಾ ಹಾಡಿಗೆ ಕಾನೂನಿನ ಕಾವಲಿದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 31ಸಿ ಕಲಂ ಸೇರಿತು. ಅದರ ಪ್ರಕಾರ ಮರುಹಾಡು ಮಾಡಲು ಮೂಲ ಧ್ವನಿಮುದ್ರಣ ಆಗಿ ಐದು ವರ್ಷ ಕಳೆದಿರಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಹಾಡಿನ ಹಕ್ಕುದಾರರಿಗೆ ಗೌರವಧನ ಕೊಡಬೇಕು. ಇದು ಮರುಹಾಡು ಎಂದು ಹೊದಿಕೆಯ ಮೇಲೆ ಬರೆಯಬೇಕು.

ಮಾದಪ್ಪನ ಪದಕ್ಕೆ ಇದು ಅನ್ವಯಿಸದು. ಬರೆದವರು ಇವರೇ ಎಂದು ಹೇಳುವಂತಿಲ್ಲ. ಯಾರು ಬೇಕಾದರೂ ಹಾಡಬಹುದು, ಯಾರಿಗೂ ಕೊಡಬೇಕಾದ್ದಿಲ್ಲ. ಸಿನಿಮಾದವರು ಹಾಡಿದರೆ ಯೂಟ್ಯೂಬಿನ ದುಡ್ಡು ಅವರ ಕಂಪನಿಗೆ. ಆ ಪದವನ್ನು ತಲೆಮಾರುಗಳಿಂದ ಬಾಯಲ್ಲಿ ಕಾದವರಿಗೆ ಏನೂ ಇಲ್ಲ.

ಆದರೆ ಹಾಡುಗಾರನಿಗೆ ಒಂದು ಹಕ್ಕಿದೆ. ಅದು ಹಳ್ಳಿಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 1994ರ ತಿದ್ದುಪಡಿ ‘ಪ್ರದರ್ಶಕ’ ಎಂಬ ಮಾತಿನೊಳಗೆ ಗಾಯಕ, ವಾದ್ಯಗಾರನ ಜೊತೆ ಹಾವಾಡಿಗನನ್ನೂ ಸೇರಿಸಿದೆ. ಅಂದಮೇಲೆ ನೀಲಗಾರರೂ ದೇವರಗುಡ್ಡರೂ ಅದರೊಳಗೆ ಬರುತ್ತಾರೆ. ಅವರು ಹಾಡಿದ್ದನ್ನು ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರುವಂತಿಲ್ಲ. ಈ ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿಯಿಂದ, ಹಾಡಿದವನು ತಾನೇ ಎಂದು ಹೆಸರು ಕೇಳುವ ಹಕ್ಕೂ ಬಂದಿದೆ. ಕೊರತೆ ಒಂದೇ: ಅವರ ಹಾಡು ಕೇಳಿ ಕಲಿತು ಬೇರೆಯವರು ತಮ್ಮ ದನಿಯಲ್ಲಿ ಹಾಡಿದರೆ ಈ ಹಕ್ಕು ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಕಾನೂನಿಲ್ಲ, ಇರುವುದು ಮರ್ಯಾದೆ ಮಾತ್ರ.

ಹಾಗಾದರೆ ಕೇಳಬೇಕೆ?

ಕೇಳಬೇಕು ಎಂಬುದೇ ನಮ್ಮ ಉತ್ತರ. ಆದರೆ ಮೂರು ಮಾತು ಕೇಳಿಕೊಂಡು ಕೇಳಬೇಕು.

ಒಂದು, ಹೊಸ ಹಾಡು ಹಳೆಯದರಲ್ಲಿ ನಮಗೆ ಕೇಳಿಸದೆ ಹೋಗಿದ್ದ ಏನನ್ನಾದರೂ ಕೇಳಿಸುತ್ತದೆಯೇ? ಬರೀ ಅದೇ ದನಿಯ ನಕಲಾದರೆ ಮೂಲವೇ ಸಾಕು.

ಎರಡು, ಪದದ ಅರ್ಥ ಗೊತ್ತಿದ್ದು ಹಾಡಿದ್ದಾರೆಯೇ? ಧಾಟಿ ಬದಲಾದರೆ ತಪ್ಪಿಲ್ಲ, ಸಂಕಮ್ಮ ಯಾರೆಂದು ಗೊತ್ತಿಲ್ಲದೆ ಸಂಕಮ್ಮನ ಪದ ಹಾಡಿದರೆ ತಪ್ಪು.

ಮೂರು, ಎಲ್ಲಿಂದ ಕಲಿತದ್ದು ಎಂದು ಹೇಳಿದ್ದಾರೆಯೇ? ವಿಡಿಯೊದ ಕೆಳಗೆ ಬರೀ ‘ಜಾನಪದ’ ಎಂದು ಬರೆದರೆ ಸಾಲದು. ಜಾನಪದ ಎಂಬ ಹೆಸರಿನ ಮನುಷ್ಯ ಎಲ್ಲೂ ಇಲ್ಲ. ಕಲಿಸಿದವರಿಗೆ ಹೆಸರಿದೆ, ಊರಿದೆ.

ಮೂರನೆಯದನ್ನು ನಮ್ಮಿಂದಲೇ ಶುರು ಮಾಡಬಹುದು. ಜಾತ್ರೆಯಲ್ಲಿ ಮೊಬೈಲ್ ಹಿಡಿದು ನೀಲಗಾರರ ಹಾಡನ್ನು ಚಿತ್ರಿಸುವವರು ನಾವೇ ತಾನೆ? ಹಾಕುವ ಮೊದಲು ‘ಅಣ್ಣಾ, ಹಾಕಲಾ?’ ಎಂದು ಕೇಳೋಣ. ಅವರ ಹೆಸರು, ಊರು ಬರೆಯೋಣ. ಮೂವತ್ತು ಸೆಕೆಂಡಿನ ತುಣುಕಿನ ಜೊತೆ ಒಂದು ಇಡೀ ಸಾಲನ್ನೂ ಹಾಕೋಣ. ತುಣುಕಿಗೆ ಮನಸೋತ ಹತ್ತು ಜನರಲ್ಲಿ ಒಬ್ಬರಾದರೂ ಪೂರ್ತಿ ಕೇಳಲಿ.

ಈ ಸಲ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋದರೆ ಅಥವಾ ಶಿವರಾತ್ರಿಗೆ ಬೆಟ್ಟ ಹತ್ತಿದರೆ, ಮೊಬೈಲಿನ ಹಾಡನ್ನು ದಾರಿಯಲ್ಲಿ ಕೇಳಿ. ಅಲ್ಲಿ ಹಾಡುವವರ ಮುಂದೆ ಒಂದು ಗಂಟೆ ಕೂತು ಆಮೇಲೆ ಬಸ್ಸು ಹಿಡಿಯಿರಿ. ಮನೆಗೆ ಬಂದು ಮೊಬೈಲಿನ ಹಾಡನ್ನು ಇನ್ನೊಮ್ಮೆ ಹಾಕಿ ನೋಡಿ. ಅದು ಮೊದಲಿಗಿಂತ ಚೆನ್ನಾಗಿ ಕೇಳಿದರೆ ಒಳ್ಳೆಯ ಮರುಹಾಡು. ಪೇಲವ ಅನ್ನಿಸಿದರೆ ಅಳಿಸಿಬಿಡಿ, ಮೊಬೈಲಿನಲ್ಲಿ ಜಾಗವೂ ಉಳಿಯುತ್ತದೆ.