ವಂಶವೃಕ್ಷದ ಚೌಕಗಳು

2016ರ ಮಳೆಗಾಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದ ಮಗಳು ರಜೆಗೆಂದು ಚಾಮರಾಜನಗರದ ಮನೆಗೆ ಬಂದವಳು ಲ್ಯಾಪ್‌ಟಾಪ್ ಮುಂದೆ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಳು. ‘ಆಬ್ಜೆಕ್ಟ್ ಓರಿಯೆಂಟೆಡ್ ಮಾಡೆಲಿಂಗ್’ ಎಂಬ ವಿಷಯದ ಒಳಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ನನಗೂ ಕಂಪ್ಯೂಟರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ತಾಯಿಯ ಮನಸ್ಸು ಕೇಳಬೇಕಲ್ಲ! “ನನಗೆ ಪಾಠ ಹೇಳು. ಹೇಳುವವರಿಗೇ ಪಾಠ ಚೆನ್ನಾಗಿ ಬರೋದು” ಎಂದೆ. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿ ನಾನು ಕಂಡುಕೊಂಡಿದ್ದ ಗುಟ್ಟು ಅದೊಂದೇ.

ಅವಳು ಹೇಳಿದ್ದು ಇಷ್ಟು. ನಕ್ಷೆಯಿಲ್ಲದೆ ಮನೆ ಕಟ್ಟಬಾರದು, ಹಾಗೆಯೇ ನಕ್ಷೆಯಿಲ್ಲದೆ ತಂತ್ರಾಂಶ ಬರೆಯಬಾರದು. ಮೊದಲು ಆ ವ್ಯವಹಾರದಲ್ಲಿ ಯಾರು ಯಾರು, ಏನೇನು ಇದ್ದಾರೆಂದು ಗುರುತಿಸಬೇಕು. ಒಂದೊಂದಕ್ಕೂ ಒಂದು ಚೌಕ ಬರೆದು, ಮೇಲೆ ಹೆಸರು, ನಡುವೆ ಅದರ ಗುಣಗಳು, ಕೆಳಗೆ ಅದು ಮಾಡುವ ಕೆಲಸಗಳನ್ನು ಬರೆಯಬೇಕು. ಆಮೇಲೆ ಚೌಕದಿಂದ ಚೌಕಕ್ಕೆ ಸಂಬಂಧದ ಗೆರೆ ಎಳೆಯಬೇಕು. ‘ಕ್ಲಾಸ್’ ಎಂದರೆ ಅಚ್ಚು, ‘ಆಬ್ಜೆಕ್ಟ್’ ಎಂದರೆ ಅದರಿಂದ ತೆಗೆದ ಅಚ್ಚುಬೆಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಸ್ಟಾರ್ ಯುಎಂಎಲ್ ಎಂಬ ತಂತ್ರಾಂಶದಲ್ಲಿ ಚೌಕವನ್ನು ಇಲಿಯಿಂದ ಎಳೆದು ತಂದು ಹಾಳೆಯ ಮೇಲೆ ಇಡುವುದನ್ನು ನಾನೂ ಕಲಿತೆ. ರಂಗೋಲಿ ಬಲ್ಲವರಿಗೆ ಅದೇನು ಕಷ್ಟವಲ್ಲ.

ಯಾವ ವಿಷಯವಾದರೂ ಅದರ ಚರಿತ್ರೆ ತಿಳಿಯದೆ ನನ್ನ ತಲೆಗೆ ಹತ್ತುವುದಿಲ್ಲ. ಕೇಳಿ, ಓದಿ ತಿಳಿದುಕೊಂಡೆ. ಇದರ ತವರು ನಾರ್ವೆಯ ಓಸ್ಲೊ. ಕ್ರಿಸ್ಟೆನ್ ನಿಗಾರ್ಡ್ ಮತ್ತು ಓಲೆ ಯೋಹಾನ್ ಡಾಲ್ ಎಂಬಿಬ್ಬರು 1960ರ ದಶಕದಲ್ಲಿ, ಲೋಕದಲ್ಲಿ ನಡೆಯುವುದನ್ನು ಗಣಕಯಂತ್ರದೊಳಗೆ ಅನುಕರಿಸಿ ನೋಡಲು ‘ಸಿಮ್ಯುಲಾ’ ಎಂಬ ಭಾಷೆ ಕಟ್ಟಿದರು. ಕ್ಯೂ ನಿಂತ ಗಿರಾಕಿ ಹೇಗೆ ಒಬ್ಬ ವ್ಯಕ್ತಿಯೋ, ಯಂತ್ರದೊಳಗೂ ಅವನು ಹಾಗೆಯೇ ಒಂದು ವ್ಯಕ್ತಿಯಾಗಿರಲಿ ಎಂಬುದು ಅವರ ಆಲೋಚನೆ. ಅಚ್ಚೂ, ಅಚ್ಚಿನಿಂದ ಹುಟ್ಟುವ ಮರಿ ಅಚ್ಚೂ 1967ರ ಸಿಮ್ಯುಲಾದಲ್ಲೇ ಬಂದವು. ಮುಂದೆ ಅಮೆರಿಕದಲ್ಲಿ ಅಲನ್ ಕೇ ಮತ್ತು ಸಂಗಡಿಗರು ‘ಸ್ಮಾಲ್‌ಟಾಕ್’ ಭಾಷೆಯಲ್ಲಿ ಈ ವಿಚಾರವನ್ನು ಬೆಳೆಸಿದರು.

ಭಾಷೆ ಬಂದಮೇಲೆ ನಕ್ಷೆಯ ಜಗಳ ಹುಟ್ಟಿತು. ಗ್ರೇಡಿ ಬೂಚ್ ಮೋಡದ ಆಕಾರ ಬರೆಯುತ್ತಿದ್ದರು. ಜೇಮ್ಸ್ ರಂಬಾ ಚೌಕ ಬರೆಯುತ್ತಿದ್ದರು. ಸ್ವೀಡನ್ನಿನ ಇವಾರ್ ಜೇಕಬ್‌ಸನ್ ಕಡ್ಡಿಯ ಮನುಷ್ಯನನ್ನು ನಿಲ್ಲಿಸಿ, ಇವನಿಗೆ ಈ ವ್ಯವಸ್ಥೆಯಿಂದ ಏನಾಗಬೇಕು ಎಂದು ಮೊದಲು ಕೇಳುತ್ತಿದ್ದರು. ಒಬ್ಬರ ನಕ್ಷೆ ಇನ್ನೊಬ್ಬರಿಗೆ ಓದಲು ಬಾರದು. ಕೊನೆಗೆ ಮೂವರೂ ರ‍್ಯಾಷನಲ್ ಎಂಬ ಒಂದೇ ಕಂಪನಿಯಲ್ಲಿ ಸೇರಿ ಒಂದು ಲಿಪಿಗೆ ಒಪ್ಪಿದರು. ಅದೇ ಯುಎಂಎಲ್. 1997ರ ನವೆಂಬರಿನಲ್ಲಿ ಅದು ಅಂಗೀಕೃತ ಮಾನದಂಡವಾಯಿತು. ಮೋಡ ಸೋತು ಚೌಕ ಗೆದ್ದಿತು.

1997 ಎಂದೊಡನೆ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಜಿಲ್ಲೆ ಮೈಸೂರಿನಿಂದ ಬೇರೆಯಾದ ವರ್ಷ ಅದು! ಮಗಳಿಗೆ ಎರಡು ಬಗೆಯ ವಜ್ರಾಕೃತಿಗಳು ಗೊಂದಲವಾಗಿದ್ದವು. ನಾನು ಹೇಳಿದೆ: “ಗುಂಡ್ಲುಪೇಟೆ ತಾಲ್ಲೂಕು ಮೈಸೂರು ಜಿಲ್ಲೆಯ ಭಾಗವಾಗಿತ್ತು, ಆಮೇಲೆ ಚಾಮರಾಜನಗರದ್ದಾಯಿತು. ತಾಲ್ಲೂಕೇನೂ ಸಾಯಲಿಲ್ಲ. ಅದು ಖಾಲಿ ವಜ್ರ. ಮನೆ ಕೆಡವಿದರೆ ಮನೆಯೊಳಗಿನ ಕೋಣೆಯೂ ಹೋಗುತ್ತದೆ. ಅದು ತುಂಬಿದ ವಜ್ರ.” ಅರಿಕುಠಾರ ಎಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರೆಂದು 1818ರಲ್ಲಿ ಚಾಮರಾಜನಗರ ಎಂದು ಹೆಸರಿಟ್ಟರು. ಹೆಸರು ಬದಲಾದರೂ ಊರು ಅದೇ. ಗುಣ ಬದಲಾಗಬಹುದು, ವಸ್ತುವಿನ ಗುರುತು ಬದಲಾಗದು. ಮಗಳು ನಕ್ಕಳು. ನನಗೂ ಸ್ವಲ್ಪ ಜಂಬ ಬಂತು.

ಆ ಜಂಬ ಇಳಿದದ್ದು ಮರುದಿನ. ಅಭ್ಯಾಸಕ್ಕೆಂದು ಯಾವುದಾದರೂ ವ್ಯವಸ್ಥೆಯ ನಕ್ಷೆ ಬರೆಯಬೇಕಿತ್ತು. ಅವಳು ಪಹಣಿಯನ್ನು ಆರಿಸಿಕೊಂಡಳು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಹೋದದ್ದು, 15 ರೂಪಾಯಿ ಕೊಟ್ಟರೆ ಅಚ್ಚಾಗಿ ಕೈಗೆ ಬರುತ್ತಿದ್ದದ್ದು ಓದುಗರಿಗೆ ನೆನಪಿರಬಹುದು. ಜಮೀನು ಒಂದು ಚೌಕ, ಒಡೆಯ ಒಂದು ಚೌಕ. ಒಡೆಯರು ಒಬ್ಬರೋ ಹಲವರೋ ಎಂಬುದಕ್ಕೆ ಗೆರೆಯ ತುದಿಯಲ್ಲಿ ಅಂಕಿ. ಒಡೆಯ ಸತ್ತರೆ? ಪೌತಿ ಖಾತೆಗೆ ವಂಶವೃಕ್ಷ ಬೇಕಲ್ಲವೇ? ಮಾದರಿಗೆಂದು ಬೀರುವಿನಿಂದ ನಮ್ಮಪ್ಪನ ಕಾಗದಗಳನ್ನು ತೆಗೆದುಕೊಟ್ಟೆ. ಗುಂಡ್ಲುಪೇಟೆ ಕಡೆಯ ನಮ್ಮೂರಿನಲ್ಲಿ ಅರಿಶಿನ ಬೆಳೆಯುತ್ತಿದ್ದ ಅಪ್ಪ 1998ರಲ್ಲಿ ತೀರಿಕೊಂಡರು. ವಂಶವೃಕ್ಷದಲ್ಲಿ ಅಪ್ಪನ ಹೆಸರು, ಕೆಳಗೆ ಎರಡು ಗೆರೆ, ಇಬ್ಬರು ಗಂಡುಮಕ್ಕಳು.

ಮಗಳು ಬಹಳ ಹೊತ್ತು ನೋಡಿದಳು. “ಅಮ್ಮಾ, ನಿನ್ನ ಚೌಕ ಎಲ್ಲಿ? ಚಿಕ್ಕಮ್ಮನದು?” ಆಮೇಲೆ ಮೆಲ್ಲಗೆ, “ಇದು ನಿನ್ನ ಅಕ್ಷರ ಅಲ್ವಾ?” ಎಂದಳು.

ಹೌದು, ನನ್ನದೇ ಅಕ್ಷರ. ಟೀಚರಮ್ಮನ ಕೈಬರಹ ದುಂಡಗಿದೆ ಎಂದು ನನ್ನಿಂದಲೇ ಬರೆಸಿದ್ದರು. ತಮ್ಮಂದಿರು ಹೇಳಿದ ಹಾಗೆ ಗೆರೆ ಎಳೆದುಕೊಟ್ಟಿದ್ದೆ. ಮದುವೆಯಾದ ಹೆಣ್ಣು ತವರಿನ ಕಾಗದದಲ್ಲಿ ಯಾಕೆ ಎಂದು ನನಗೂ ಅನ್ನಿಸಿತ್ತು. ಮಗಳೂ ತಂದೆಯ ಪಾಲಿಗೆ ಮೊದಲ ವರ್ಗದ ವಾರಸುದಾರಳು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು. ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಕೊಟ್ಟಿತು, 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಇದನ್ನೆಲ್ಲ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದವಳೇ ನಾನು! ಕಂಪ್ಯೂಟರ್ ತಪ್ಪೇನೂ ಮಾಡಿರಲಿಲ್ಲ. ಬರೆದುಕೊಟ್ಟದ್ದನ್ನು ನಿಷ್ಠೆಯಿಂದ ಅಚ್ಚು ಹಾಕಿತ್ತು. ನಕ್ಷೆಯಲ್ಲಿ ಚೌಕವಿಲ್ಲದವರು ಯಂತ್ರದ ಮಟ್ಟಿಗೆ ಹುಟ್ಟಿಯೇ ಇಲ್ಲ.

ಅವಳ ಪಠ್ಯದಲ್ಲಿ ‘ಇನ್‌ಹೆರಿಟೆನ್ಸ್’ ಎಂಬ ಮಾತಿದೆ. ತಾಯಿ ಅಚ್ಚಿನ ಗುಣಗಳೆಲ್ಲ ಮರಿ ಅಚ್ಚಿಗೆ ಬರುತ್ತವೆ. ತಾಯಿ ಕಳೆದುಕೊಳ್ಳುವುದೂ ಇಲ್ಲ, ಸಾಯಬೇಕಾಗಿಯೂ ಇಲ್ಲ. ಬಾಣದ ಗುರುತು ಮಾತ್ರ ಮರಿಯಿಂದ ತಾಯಿಯ ಕಡೆಗೆ. ನಮ್ಮ ವಂಶವೃಕ್ಷದಲ್ಲಿ ಗೆರೆ ಮೇಲಿನಿಂದ ಇಳಿಯುತ್ತದೆ, ಇಳಿಸುವವರು ಬೇಕಾದವರ ಕಡೆಗೆ ಇಳಿಸುತ್ತಾರೆ. ಇಲ್ಲಿ ಮರಿಯೇ ‘ನಾನು ಇಂಥವರ ಮಗಳು’ ಎಂದು ಹೇಳಿಕೊಳ್ಳುತ್ತದೆ.

ಆ ಸಂಜೆ ನಾಲ್ಕು ಮಕ್ಕಳ ನಕ್ಷೆ ಬರೆದೆವು. ದೀಪಾವಳಿಗೆ ತವರಿಗೆ ಹೋದಾಗ ಅದನ್ನು ತೆಗೆದುಕೊಂಡು ಹೋದೆ. ಜಮೀನು ಕೇಳುವುದಕ್ಕಲ್ಲ, ಹೆಸರು ಕೇಳುವುದಕ್ಕೆ. ಚಿಕ್ಕ ತಮ್ಮ ಮುಖ ತಿರುಗಿಸಿದ. ದೊಡ್ಡವನು ಓದಿ, ಮಡಿಸಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, “ನೋಡೋಣ ಕಣಕ್ಕ” ಎಂದ. ಪಹಣಿ ಇನ್ನೂ ಹಾಗೆಯೇ ಇದೆ. ಮಗಳು ಆ ವಿಷಯದಲ್ಲಿ ಪಾಸಾದಳು.

ಈಗ ಪ್ರತಿವರ್ಷ ಎಂಟನೇ ತರಗತಿಯ ಮಕ್ಕಳಿಂದ ಅವರವರ ವಂಶವೃಕ್ಷ ಬರೆಸುತ್ತೇನೆ. ಮುತ್ತಜ್ಜನ ಹೆಸರು ಎಲ್ಲರಿಗೂ ಬರುತ್ತದೆ. ಅಜ್ಜಿಯ ಹೆಸರು ಕೇಳಿದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಬೈಯುವುದಿಲ್ಲ. ಮನೆಗೆ ಹೋಗಿ ಕೇಳಿಕೊಂಡು ಬನ್ನಿ, ನಾಳೆ ಸಹಿ ಹಾಕುತ್ತೇನೆ ಎಂದು ಹಾಳೆ ವಾಪಸು ಕೊಡುತ್ತೇನೆ.