ಸಣ್ಣ ಕ್ಯಾಮೆರಾಕ್ಕೆ ಜೂಮ್ ಬಂದ ಬಗೆ

ನಿಂತಲ್ಲಿಂದ ಕದಲದೆ ದೃಶ್ಯವನ್ನು ಹತ್ತಿರಕ್ಕೆ ತರುವ ಜೂಮ್ ಮಸೂರ, ಅಂದರೆ ಒಳಗಿನ ಗಾಜುಗಳ ಅಂತರವನ್ನು ಬದಲಿಸಿ ನಾಭಿದೂರವನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಮಸೂರ, ಬಹುಕಾಲ ದೊಡ್ಡ ಕ್ಯಾಮೆರಾಗಳ ಸೊತ್ತಾಗಿತ್ತು. 1977ರಲ್ಲಿ ಜಪಾನಿನ ಕೊನಿಕಾ ಕಂಪನಿಯು ತಾನಾಗಿಯೇ ಫೋಕಸ್ ಮಾಡುವ ಸಣ್ಣ ಕ್ಯಾಮೆರಾವನ್ನು ತಂದಿತಾದರೂ ಅದರ ನಾಭಿದೂರ 38 ಮಿ.ಮೀ.ಗೆ ಸ್ಥಿರವಾಗಿತ್ತು. 35 ಮಿ.ಮೀ. ಫಿಲಂ ಬಳಸುವ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಜೂಮ್ ಪಡೆದ ಮೊದಲನೆಯದು 1986ರಲ್ಲಿ ಪೆಂಟಾಕ್ಸ್ ಹೊರತಂದ ಜೂಮ್-70. ಅದರ ಮಸೂರ 35ರಿಂದ 70 ಮಿ.ಮೀ.ವರೆಗೆ ಚಾಚುತ್ತಿತ್ತು.

ಇಂಥ ಕ್ಯಾಮೆರಾದಲ್ಲಿ ಕಣ್ಣು ನೋಡುವುದು ಮಸೂರದ ಮೂಲಕವಲ್ಲ, ಪಕ್ಕದ ಪುಟ್ಟ ಕಿಂಡಿಯಾದ ವ್ಯೂಫೈಂಡರ್ ಮೂಲಕ. ಆದ್ದರಿಂದ ಮಸೂರ ಚಾಚಿದಂತೆಲ್ಲ ಕಿಂಡಿಯ ನೋಟವೂ ಅದೇ ಪ್ರಮಾಣದಲ್ಲಿ ಕಿರಿದಾಗುವಂತೆ ಎರಡನ್ನೂ ಹೊಂದಿಸಬೇಕಾಯಿತು, ಮತ್ತು ತಯಾರಕರ ನಿಜವಾದ ಜಾಣ್ಮೆ ಇರುವುದು ಇಲ್ಲಿಯೇ ಎನ್ನಬೇಕು. ಬೆಳಕಿನ ವಿಷಯದಲ್ಲಿ ಮಾತ್ರ ಅವರು ರಾಜಿಯಾದರು. ಜೂಮ್-70ರ ಗರಿಷ್ಠ ದ್ವಾರ, ಎಂದರೆ ಬೆಳಕು ಒಳಬರುವ ರಂಧ್ರದ ಅಳತೆ, ಎಫ್/3.5ರಿಂದ ಎಫ್/6.7ಕ್ಕೆ ಕುಗ್ಗುತ್ತಿದ್ದುದರಿಂದ, ಪೂರ್ತಿ ಚಾಚಿದಾಗ ಫಿಲಂ ಮೇಲೆ ಬೀಳುವ ಬೆಳಕು ಕಾಲುಭಾಗಕ್ಕಿಂತ ತುಸುವೇ ಹೆಚ್ಚು. ಒಳಾಂಗಣದ ಸಮಾರಂಭಗಳಲ್ಲಿ ಫ್ಲ್ಯಾಶ್ ಇಲ್ಲವೇ 400 ಐಎಸ್‌ಒದಂಥ ವೇಗದ ಫಿಲಂ ಅನಿವಾರ್ಯವಾಯಿತು. ಆದರೂ ಪೈಪೋಟಿ ನಡೆದದ್ದು ಬೆಳಕಿಗಾಗಿ ಅಲ್ಲ, ಉದ್ದಕ್ಕಾಗಿ. 1990ರ ದಶಕ ಮುಗಿಯುವಷ್ಟರಲ್ಲಿ 140 ಮಿ.ಮೀ.ವರೆಗೆ ಚಾಚುವ ಸಣ್ಣ ಕ್ಯಾಮೆರಾಗಳೂ ಬಂದಿದ್ದವು.